ತಾಯಿ ಮನೆಯಲ್ಲಿ ಮುದ್ದೆ ಇಲ್ಲ

ನಮ್ಮ ಅಡುಗೆಮನೆಯ ಮೊಳೆಗೆ ಒಂದು ಪುಟ್ಟ ಬಿದಿರಿನ ಬುಟ್ಟಿ ನೇತುಹಾಕಿದೆ. ಅಂಗೈಯಗಲ ಇದೆ, ಮೇಲೊಂದು ಮುಚ್ಚಳ, ಹಿಡಿಯಲು ದಾರ. ನಾನು ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟಿದ್ದೇನೆ. ಗಾಳಿಯಾಡುತ್ತದೆ, ಬೇಗ ಮೊಳಕೆ ಬರುವುದಿಲ್ಲ. ಮನೆಗೆ ಬಂದವರು ಅದನ್ನು ಕಂಡು, "ಏನ್ ಚೆಂದಾಗದೆ, ಎಲ್ ತಂದ್ರಿ?" ಎಂದು ಕೇಳುತ್ತಾರೆ. ತಂದದ್ದಲ್ಲ, ಬಂದದ್ದು ಎನ್ನುತ್ತೇನೆ. ಕೆಲವರು ಅಷ್ಟಕ್ಕೆ ಸುಮ್ಮನಾಗುತ್ತಾರೆ. ಸುಮ್ಮನಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಂದು ಸಲ ಬರೆದಿಟ್ಟರೆ ವಾಸಿ.

ನಾನು ಓದಿದ್ದು ಮೂರನೇ ಕ್ಲಾಸು. ಮಹಾಪ್ರಾಣದ ಅಕ್ಷರಗಳನ್ನು ನಮ್ಮ ಮೇಷ್ಟ್ರು ನಾಲ್ಕನೇ ಕ್ಲಾಸಿಗೆಂದು ಇಟ್ಟುಕೊಂಡಿದ್ದರೋ ಏನೋ, ನನಗಂತೂ ಸಿಗಲಿಲ್ಲ. ಸಿಗದೆ ನಷ್ಟವೇನೂ ಆಗಿಲ್ಲ. ಭತ್ತವನ್ನು ನಾವು ಬತ್ತ ಎಂದೇ ಬಿತ್ತುತ್ತೇವೆ, ಅದು ಬೆಳೆಯುತ್ತದೆ. ಇಲ್ಲಿ ಕಾಣುವ ಮಹಾಪ್ರಾಣಗಳೆಲ್ಲ ಮೊಮ್ಮಗಳು ಸುಧಾ ತಿದ್ದಿ ಹಾಕಿದ್ದು. ಮಾತು ಮಾತ್ರ ನನ್ನದು, ಅದನ್ನು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮ ಗದ್ದೆ ಇರುವುದು ಪಾಂಡವಪುರದ ಹತ್ತಿರ. ಮಗ ಶಿವಣ್ಣನಿಗೆ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಎಲ್ಲರೂ ಇಲ್ಲಿಗೆ ಬಂದೆವು. ನಮ್ಮ ಬೀದಿಯ ಮೂಲೆಯಲ್ಲಿ ಮೊದಲು ಒಂದು ಸೈಕಲ್ ಶಾಪು ಇತ್ತು. ಅದು ಮುಚ್ಚಿತು. ಸುಣ್ಣ ಬಣ್ಣ ಆಯಿತು, ಬಾಗಿಲಲ್ಲಿ ಬಾಳೆಗಿಡದ ಕುಂಡ ಬಂತು, ಮೇಲೆ ಬೋರ್ಡ್ ಬಂತು: "ಥಾಯ್ ಮನೆ". ನಾನು ಸೊಪ್ಪು ತರಲು ಹೋಗುವಾಗ ನಿಂತು ಓದಿದೆ. ತಾಯಿ ಮನೆ. 'ಯಿ' ಎಂದು ಬರೆಯಲು ಹೋಗಿ ಪೇಂಟರು ತಪ್ಪಿದ್ದಾನೆ. ಪಾಪ, ಅವನು ಎರಡನೇ ಕ್ಲಾಸೂ ಓದಿರಲಿಕ್ಕಿಲ್ಲ ಎಂದುಕೊಂಡೆ.

ತಾಯಿ ಮನೆ ಎಂದ ಮೇಲೆ ಅಲ್ಲಿ ಏನು ಸಿಗಬೇಕು? ಮುದ್ದೆ, ಉಪ್ಪುಸಾರು. ಒಂದು ದಿನ ಸೊಸೆ ಊರಲ್ಲಿರಲಿಲ್ಲ, ನನಗೆ ಒಲೆ ಹಚ್ಚಲು ಬೇಸರ. ಸೊಪ್ಪಿನ ಚೀಲ ಹಿಡಿದುಕೊಂಡೇ ಒಳಗೆ ಹೋಗಿ ಕೂತೆ. ಏಪ್ರನ್ನು ಕಟ್ಟಿಕೊಂಡಿದ್ದ ಒಬ್ಬ ಹುಡುಗ ಅಡುಗೆಯ ಕಡೆಯಿಂದ ಬಂದ.

"ಮುದ್ದೆ ಎಷ್ಟೊತ್ಗೆ ಆಯ್ತದೆ?" ಎಂದೆ.

"ಮುದ್ದೆ ಇಲ್ಲ ಅಜ್ಜಿ."

"ತಾಯಿ ಮನೆ ಅಂತ ಬೋರ್ಡ್ ಹಾಕ್ಬುಟ್ಟು ಮುದ್ದೆ ಇಲ್ಲ ಅಂತೀಯಲ್ಲ. ನಿಮ್ಮವ್ವ ಯಾವೂರೋಳ್ಲಾ?"

"ದೇವಲಾಪುರ ಅಜ್ಜಿ."

"ದೇವಲಾಪುರದೋಳಾ! ನಾನೂ ಆ ಕಡೇಲೇ ಉಟ್ಟಿದ್ದು. ಮುದ್ದೆ ತೊಳ್ಸೋದು ಕಲಿಸ್ದೆ ಮಗನ್ನ ಓಟ್ಲು ಇಡಕ್ಕೆ ಕಳಿಸವ್ಳಲ್ಲ. ಕರೆಸು, ನಾನು ಮಾತಾಡ್ತೀನಿ."

ಹುಡುಗ ನಗಲಿಲ್ಲ. ಎದುರಿನ ಕುರ್ಚಿ ಎಳೆದು ಕೂತ. "ಅದು ತಾಯಿ ಅಲ್ಲ ಅಜ್ಜಿ, ಥಾಯ್. ಥಾಯ್ಲೆಂಡ್ ಅಂತ ಒಂದು ದೇಸ ಅದೆ. ಇಲ್ಲಿ ಆ ದೇಸದ ಅಡುಗೆ."

"ಆ ದೇಸ್ದಲ್ಲಿ ತಾಯಿದೀರು ಇಲ್ವಾ?"

"ಅವ್ರೆ ಅಜ್ಜಿ."

"ಮಕ್ಕಳ್ಗೆ ಏನಿಕ್ತಾರೆ?"

"ಇದ್ನೇ ಇಕ್ತಾರೆ."

"ಅಂಗಾರೆ ನಾನು ಓದಿದ್ದು ಸರಿಯಾಗೇ ಅದೆ ಬುಡು," ಎಂದು ಎದ್ದೆ. ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು ಹಾಕಿ ಕಾಯಿಸಿ ಆರಿಸಿದ ನೀರು ಒಂದು ಲೋಟ ಕೊಟ್ಟ ಹುಡುಗ. ಕುಡಿದು ಮನೆಗೆ ಬಂದು, ಕುದಿಯುವ ಹಿಟ್ಟನ್ನು ಕೋಲಿನಲ್ಲಿ ತಿರುವಿ ನಾನೇ ಮುದ್ದೆ ತೊಳಸಿಕೊಂಡೆ.

ಇದು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ತಿಂಗಳ ಮೇಲೆ ಸುಧಾ, ನಾನು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ, ಪಕ್ಕ ಬಂದು ಕೂತು ತಾನೂ ಬಿಡಿಸಲು ಶುರುಮಾಡಿದಳು. ಕರೆಯದೆ ಬಂದು ಅವರೆಕಾಯಿ ಬಿಡಿಸುವ ಹುಡುಗಿಯಲ್ಲ ಅವಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಊರಿನ ಅರ್ಧ ಜನರ ತೋಳಿಗೆ ಸೂಜಿ ಚುಚ್ಚಿದ್ದಾಳೆ. ಯಾರು ಅತ್ತರೂ ಕೈ ನಡುಗುವುದಿಲ್ಲ.

"ಅಜ್ಜಿ, ಆ ಥಾಯ್ ಮನೆ ಯೋಗೇಶ ಇದಾನಲ್ಲ, ನಿಂಗೆ ಮುದ್ದೆ ಇಲ್ಲ ಅಂದೋನು. ಅವನ್ನೇ ನಾನು ಮದುವೆ ಆಗೋದು."

"ಓಟ್ಲು ಇಟ್ಟೋರಿಗೆ ಎಣ್ಣು ಕೊಡಲ್ಲ," ಎಂದೆ, ಕೈ ನಿಲ್ಲಿಸದೆ.

ನನ್ನ ಲೆಕ್ಕ ನನ್ನದು. ಹೋಟೆಲಿನವನಿಗೆ ಹಬ್ಬವಿಲ್ಲ. ಊರೆಲ್ಲ ಉಣ್ಣುವಾಗ ಅವನು ಬಡಿಸುತ್ತಾನೆ, ಊರು ಮಲಗಿದ ಮೇಲೆ ಅವನು ಉಣ್ಣುತ್ತಾನೆ. ಕೆಲಸದವರು ಕೈಕೊಟ್ಟ ದಿನ ಹೆಂಡತಿಯನ್ನು ಕರೆದು ಪಾತ್ರೆಯ ಮುಂದೆ ಕೂರಿಸುತ್ತಾನೆ. ಸೂಜಿ ಹಿಡಿಯಲು ಕಲಿತ ಕೈ ಕಡೆಗೆ ಬಾಂಡ್ಲಿ ಉಜ್ಜಬೇಕಾಗುತ್ತದೆ.

ಸುಧಾ ಅಳಲಿಲ್ಲ, ಅದು ಅವಳಿಗೆ ಬರುವುದೂ ಇಲ್ಲ. "ನೋಡ್ದೆ ಬೇಡ ಅನ್ಬೇಡ. ನೋಡಿ ಬೇಡ ಅನ್ನು. ನೀನು ಬೇಡ ಅಂದ್ರೆ ನಾನು ಓಡೋಗಲ್ಲ. ಆದ್ರೆ ಇನ್ಯಾರ್ನೂ ಆಗಲ್ಲ," ಎಂದಳು. ಹೇಳಿದಂತೆಯೇ ಮಾಡುವವಳು. ಅವಳಪ್ಪ ಶಿವಣ್ಣನನ್ನು ಕೇಳಿದರೆ, "ಅವ್ವ ಏನಂತದೋ ಅದೇ," ಎಂದು ಪೇಪರ್ ಅಡ್ಡ ಹಿಡಿದ. ಮಾತು ತಿರುಗಿ ನನ್ನ ತಲೆಯ ಮೇಲೆಯೇ ಬಂತು. ಸರಿ, ನೋಡಿಬರೋಣ ಎಂದೆ.

ಗಂಡಿನ ಕಡೆಯನ್ನು ನೋಡುವುದಕ್ಕೆ ನಮ್ಮಲ್ಲಿ ಒಂದು ರೀತಿಯಿದೆ. ಕಾಫಿ ಕುಡಿಯಬಹುದು, ತಿಂಡಿ ತಿನ್ನಬಹುದು. ಊಟ ಮಾಡಬಾರದು. ಅನ್ನಕ್ಕೆ ಕೈ ಹಾಕಿದರೆ ಸಂಬಂಧ ಒಪ್ಪಿದ ಹಾಗೆ. ಅವರು "ಊಟಕ್ಕೇಳಿ" ಎನ್ನುತ್ತಾರೆ, ನಾವು "ಇನ್ನೊಂದ್ಸಲ ಆಗ್ಲಿ" ಎನ್ನುತ್ತೇವೆ. ಇಬ್ಬರಿಗೂ ಅರ್ಥವಾಗುತ್ತದೆ. ಒಪ್ಪಿಗೆಯಾದರೆ ಆ ಇನ್ನೊಂದು ಸಲ ಬರುತ್ತದೆ, ಇಲ್ಲವಾದರೆ ಬರುವುದಿಲ್ಲ. ಯಾರ ಮುಖಕ್ಕೂ ಹೊಡೆದಂತಾಗುವುದಿಲ್ಲ.

ಈ ರೀತಿಯ ಬೆಲೆ ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ನನ್ನ ಮದುವೆ ನಿಶ್ಚಯವಾದದ್ದೇ ಇದರಿಂದ.

ನಮ್ಮಪ್ಪನದು ದೇವಲಾಪುರದ ಕಡೆಯ ಮಳೆ ನೆಚ್ಚಿದ ಹೊಲ. ರಾಗಿ, ಹುರುಳಿ, ಅವರೆ. ಅನ್ನ ಎಂದರೆ ಹಬ್ಬಕ್ಕೆ, ಬಾಣಂತಿಗೆ, ಕಾಯಿಲೆ ಬಿದ್ದವರಿಗೆ. ಅನ್ನಕ್ಕಾಗಿ ನಾನೇ ಎಷ್ಟೋ ಸಲ ಹೊಟ್ಟೆನೋವು ಎಂದು ಮಲಗಿದ್ದುಂಟು. ಅಂಥ ಮನೆಯಿಂದ ಅಪ್ಪ, ದೊಡ್ಡಪ್ಪನನ್ನು ಕರೆದುಕೊಂಡು, ನಾಲೆ ನೀರಿನ ಪಾಂಡವಪುರದ ಕಡೆಗೆ ಗಂಡು ನೋಡಲು ಹೊರಟ. ಬಸ್ಸು ತಪ್ಪಿತು. ಬಿಸಿಲಲ್ಲಿ ಬಹಳ ದೂರ ನಡೆದರು. ಗಂಡಿನ ಮನೆಯವರು ಕಾಫಿ ಕೊಟ್ಟರು, ಮಾತಾಡಿಸಿದರು, ರೂಢಿಯಂತೆ "ಊಟಕ್ಕೇಳಿ" ಎಂದರು. ಒಳಗಿನಿಂದ ಬಿಸಿ ಅನ್ನದ ವಾಸನೆ ಬರುತ್ತಿತ್ತಂತೆ. ದೊಡ್ಡಪ್ಪ "ಇನ್ನೊಂದ್ಸಲ..." ಎನ್ನುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದ. ದೊಡ್ಡಪ್ಪ ತೊಡೆಗೆ ಚಿವುಟಿದ. ಚಿವುಟಿಸಿಕೊಂಡೇ ಅಪ್ಪ ಹೋಗಿ ಎಲೆಯ ಮುಂದೆ ಕೂತ. ಅವರೆಕಾಳು ಸಾರು ಕಲಸಿಕೊಂಡು, ಎಲೆಯಲ್ಲಿ ಒಂದಗುಳು ಉಳಿಯದಂತೆ ಉಂಡ.

ಮನೆಗೆ ಬಂದಾಗ ನಾನು ಗೋಡೆಗೆ ಬೆರಣಿ ತಟ್ಟುತ್ತಿದ್ದೆ. ಅಪ್ಪ ಜಗಲಿಯ ಮೇಲೆ ಕೂತು, ನೆಲ ನೋಡಿಕೊಂಡು, ನನಗೆ ಹೇಳಿದ: "ಅನ್ನ ಉಂಡ್ಬುಟ್ಟೆ ಕಣವ್ವ."

ಅಷ್ಟೇ. ಅವ್ವ ಒಳಗೆ ಹೋಗಿ ಮದುವೆಗೆ ರಾಗಿ ಸಾಲದು ಎಂದು ಬಯ್ಯಲು ಶುರುಮಾಡಿದಳು. ನಾನು ಉಳಿದ ಬೆರಣಿ ತಟ್ಟಿ ಮುಗಿಸಿದೆ.

ಗಂಡ ಕೆಟ್ಟವನೇನಲ್ಲ. ಮಾತಾಡುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಅನ್ನಕ್ಕೆ ಕೊರತೆಯಾಗಲಿಲ್ಲ. ನಾನು ಗೊಣಗುತ್ತಿಲ್ಲ. ಅಪ್ಪನ ಹಸಿವು ನನಗೆ ಗಂಡನನ್ನು ಹುಡುಕಿತು, ಸುಮಾರಾಗಿಯೇ ಹುಡುಕಿತು. ಆದರೆ ಅದು ಹಸಿವು ಮಾಡುವ ಕೆಲಸವಲ್ಲ. ಅದಕ್ಕೇ ನನ್ನ ಕೈಗೆ ಮನೆ ಬಂದ ಮೇಲೆ ಒಂದು ಕಟ್ಟು ಮಾಡಿದೆ. ಗಂಡು ನೋಡಲು ಹೋಗುವವರು ಯಾರೇ ಇರಲಿ, ಮನೆಯಲ್ಲಿ ಮುದ್ದೆ ಉಂಡೇ ಹೊರಡಬೇಕು. ಹೊಟ್ಟೆ ತುಂಬಿದ್ದರೆ ಕಣ್ಣು ಸರಿಯಾಗಿ ನೋಡುತ್ತದೆ. ನನ್ನ ಹೆಣ್ಣುಮಕ್ಕಳಿಗೆ ಗಂಡು ನೋಡಿದ್ದು ಹಾಗೆಯೇ. ನಾನು ಬೇಡ ಎಂದ ಮನೆಗಳೂ ಇವೆ. ಆ ಮನೆಗಳಲ್ಲಿ ಒಂದು ಅಗುಳು ಮುಟ್ಟಿಲ್ಲ.

ಈಗ ನೋಡಬೇಕಾದ ಗಂಡಿನ ಮನೆಯೇ ಹೋಟೆಲು. ಹೋಟೆಲಿಗೆ ಹೋಗಿ ಉಣ್ಣದೆ ಬರುವುದು ಹೇಗೆ? ಸೊಸೆ ಸವಿತಾ ಕೆ.ಆರ್. ಪೇಟೆಯಲ್ಲಿ ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದವಳು ಬೆಳಿಗ್ಗೆಯೇ ಫೋನ್ ಮಾಡಿದಳು. "ಅತ್ತೆ, ನಿಮ್ಮ ಮಗ ಕೊಟ್ಟಿದ್ದೆಲ್ಲ ತಿಂದ್ಬುಡ್ತಾರೆ. ವಸಿ ನೋಡ್ಕಳಿ. ಊಟ ಮಾತ್ರ ಬ್ಯಾಡ."

"ನಿನ್ ಗಂಡನ್ನ ನಾನು ನೋಡ್ಕತೀನಿ. ನೀನು ಕೂಸ್ನ ನೋಡ್ಕೊ," ಎಂದೆ.

ಮುದ್ದೆ ಉಂಡು ಹೊರಟೆವು. ನಾನು, ಶಿವಣ್ಣ, ಸುಧಾ. ಗಂಡು ನೋಡಲು ಹುಡುಗಿ ಬರುವ ರೂಢಿಯಿಲ್ಲ ಎಂದರೆ, "ನಾನು ಗಂಡು ನೋಡಕ್ಕೆ ಬರ್ತಿಲ್ಲ, ಅವನನ್ನ ನೋಡಿ ಆಗಿದೆ. ಹೋಟ್ಲಿಗೆ ಬರ್ತಿದೀನಿ," ಎಂದಳು.

ಅವತ್ತು ಮಧ್ಯಾಹ್ನ ಯೋಗೇಶ ಬೇರೆ ಗಿರಾಕಿಗಳಿಗೆ ಬಾಗಿಲು ಹಾಕಿದ್ದ. ಅವನ ತಾಯಿ ಭಾಗ್ಯಮ್ಮ ದೇವಲಾಪುರದಿಂದ ಬಂದಿದ್ದಳು. ಗಂಡನಿಲ್ಲದ ಹೆಂಗಸು, ಒಬ್ಬಳೇ ಹೊಲ ಮಾಡಿಸಿಕೊಂಡು ಮಗನನ್ನು ಬೆಳೆಸಿದವಳು. ಮಡಿಕೆ ಬಿಚ್ಚದ ಹೊಸ ಸೀರೆ ಉಟ್ಟು ಸೆಟೆದುಕೊಂಡು ನಿಂತಿದ್ದಳು. ನನ್ನನ್ನು ಕಂಡೊಡನೆ, "ಬನ್ನಿ ಅವ್ವಾರೆ, ಎದ್ರಬ್ಯಾಡಿ. ಬರೀ ತಿಂಡಿ. ಊಟ ಇಕ್ಕಲ್ಲ," ಎಂದಳು. ಹೆಂಗಸು ತಿಳಿದವಳು ಎಂದುಕೊಂಡೆ.

ಮೊದಲು ಒಂದು ಬಟ್ಟಲಲ್ಲಿ ಕೆಂಪಗೆ ಕುದಿಯುವ ಸಾರು ಬಂತು. ಮೂಗಿಗೆ ಹಿಡಿದೆ. ಕೆಮ್ಮು ಬಂದ ಮಕ್ಕಳಿಗೆ ಕಲ್ಲಿನ ಮೇಲೆ ತೇದು ಜೇನಿನಲ್ಲಿ ನೆಕ್ಕಿಸುವ ದುಂಪರಾಸ್ಮಿ ಬೇರಿನ ವಾಸನೆ. "ಇದು ಕಷಾಯ ಕಣ್ಲಾ, ಕುಡಿ. ಔಸದಿಗೆ ಏನೂ ದೋಸ ಇಲ್ಲ," ಎಂದು ಶಿವಣ್ಣನಿಗೆ ಹೇಳಿ ನಾನೂ ಕುಡಿದೆ. ನಾವು ಮುದ್ದೆ ನುಂಗುವ ಜನ, ಅಗಿದು ಅಭ್ಯಾಸವಿಲ್ಲ. ಅದರಲ್ಲಿದ್ದ ಮಜ್ಜಿಗೆ ಹುಲ್ಲಿನ ದಂಟನ್ನು ಶಿವಣ್ಣ ಹಾಗೆಯೇ ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡ. ಬೆನ್ನಿಗೆ ಒಂದು ಗುದ್ದಿದೆ, ಹೊರಗೆ ಬಂತು.

"ಅದು ತಿನ್ನೋದಲ್ಲ ಮಾವ, ವಾಸನೆಗೆ ಹಾಕೋದು," ಎಂದ ಯೋಗೇಶ. ಮಾವ ಎಂದು ಅಷ್ಟು ಬೇಗ ಕರೆದದ್ದನ್ನು ನಾನು ಗಮನಿಸಿದೆ. ಸುಧಾ ಅವನ ಕಾಲು ತುಳಿದದ್ದನ್ನೂ ಗಮನಿಸಿದೆ.

ಆಮೇಲೆ ಪರಂಗಿಕಾಯಿಯನ್ನು ತೆಳ್ಳಗೆ ಹೆಚ್ಚಿ, ಮೆಣಸಿನಕಾಯಿ ಹುಣಸೆಹಣ್ಣು ಹಾಕಿ, ಒರಳಲ್ಲಿ ಕುಟ್ಟಿದ ಕೋಸಂಬರಿ ಬಂತು. ನಮ್ಮಲ್ಲಿ ಪರಂಗಿಕಾಯಿ ಎಂದರೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಮಾರು ದೂರ ನಿಲ್ಲಿಸುತ್ತೇವೆ, ಬಸಿರು ನಿಲ್ಲುವುದಿಲ್ಲ ಎಂದು.

"ಅಲ್ಲ ಭಾಗ್ಯ, ಎಣ್ಣಿನ ಕಡೆಯೋರ್ಗೆ ಮೊದ್ಲೇ ಪರಂಗಿಕಾಯಿ ಕೊಡ್ತಾ ಇದೀಯಲ್ಲ. ಮೊಮ್ಮಕ್ಳು ಬ್ಯಾಡ್ವಾ ನಿಂಗೆ?" ಎಂದೆ.

ಭಾಗ್ಯಮ್ಮ ಹಣೆ ಚಚ್ಚಿಕೊಂಡಳು. "ಬಡ್ಕೊಂಡೆ ಅವ್ವಾರೆ, ಇದೊಂದು ಬ್ಯಾಡ ಕಣ್ಲಾ ಅಂತ. ನಮ್ಮನೇಲಿ ಒಬ್ಬ ಗಂಡ್ಸೂ ಒನಕೆ ಮುಟ್ಟಿರ್ನಿಲ್ಲ. ಇವ್ನು ಒತ್ತಾರೆ ಎದ್ರೆ ಕುಟ್ಟದೇ ಕುಟ್ಟದು."

ಶಾವಿಗೆ ಬಂತು, ಅದು ತಿಂಡಿಯೇ, ಚಿಂತೆಯಿಲ್ಲ. ಎಳನೀರಿನ ಗಂಜಿಯಂಥದ್ದು ಬಂತು. ಎಲ್ಲದರಲ್ಲೂ ಒಂದೊಂದು ಚಮಚ ತಿಂದು, ಬಾಯಿ ಒರೆಸಿಕೊಂಡು, ಕಣ್ಣಿಗೆ ಕೆಲಸ ಕೊಟ್ಟೆ. ಒಲೆ ಚೊಕ್ಕಟವಾಗಿತ್ತು. ಪಾತ್ರೆ ತೊಳೆಯುವ ಜಾಗದಲ್ಲಿ ನೀರು ನಿಂತಿರಲಿಲ್ಲ. ಹುಡುಗ ಉಗುರು ಕತ್ತರಿಸಿಕೊಂಡಿದ್ದ. ಇಷ್ಟರಿಂದ ಹೋಟೆಲು ಒಳ್ಳೆಯದು ಎನ್ನಬಹುದು, ಗಂಡ ಒಳ್ಳೆಯವನು ಎನ್ನಲಾಗುವುದಿಲ್ಲ.

ಕಡೆಗೆ ಈ ಪುಟ್ಟ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಒಳಗೆ ನೀಲಿ ಬಣ್ಣದ, ಬಿಸಿ ಬಿಸಿ, ಹಬೆಯಲ್ಲಿ ಬೆಂದು ಮುದ್ದೆಯಾಗಿ ಅಂಟಿಕೊಂಡ ಏನೋ ಒಂದು. ಪಕ್ಕದಲ್ಲಿ ಖಾರದ ಬಟ್ಟಲು.

"ಕೈಯಲ್ಲೇ ತಿನ್ಬೇಕು ಅಜ್ಜಿ," ಎಂದ ಯೋಗೇಶ.

ಬಟ್ಟೆಗೆ ಹಾಕುವ ನೀಲಿಯಂಥ ಬಣ್ಣ. ಯಾವುದೋ ದೇಶದ ಕಡುಬು ಎಂದುಕೊಂಡೆ. ಅಷ್ಟು ಹೊತ್ತು ಚಮಚದಲ್ಲಿ ಒದ್ದಾಡಿದ್ದೆ, ಕೈ ಎಂದೊಡನೆ ಜೀವ ಬಂತು. ಒಂದು ತುತ್ತು ಮುರಿದೆ, ಬೆರಳು ತಾನಾಗಿ ಅದನ್ನು ಉಂಡೆ ಕಟ್ಟಿತು, ಖಾರಕ್ಕೆ ಅದ್ದಿತು, ಗಂಟಲು ಅಗಿಯದೆ ನುಂಗಿತು. ಜಾರಿಕೊಂಡು ಹೋಯಿತು. ಇನ್ನೊಂದು ತುತ್ತು ಮುರಿದೆ, ಅದೂ ಹೋಯಿತು. ಆಮೇಲೆ ನೋಡುತ್ತೇನೆ, ಭಾಗ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಶಿವಣ್ಣ ಫ್ಯಾನು ನೋಡುತ್ತಿದ್ದಾನೆ.

"ಏನ್ಲಾ ಇದು?" ಎಂದೆ.

"ಅಂಟಕ್ಕಿ ಅಜ್ಜಿ. ಶಂಖಪುಷ್ಪದ ಹೂವಿನ ನೀರಲ್ಲಿ ನೆನೆಸಿ ಬೇಯ್ಸಿದ್ದು."

"ಅಕ್ಕಿ ಬೇಯ್ಸುದ್ರೆ ಏನಾಯ್ತದೆ?"

"ಅನ್ನ ಅಜ್ಜಿ."

ಹುಟ್ಟಿನಿಂದ ಮದುವೆಯವರೆಗೆ ಅನ್ನಕ್ಕೆ ಬಾಯಿ ಬಿಟ್ಟವಳು, ಮದುವೆಯಾದಾಗಿನಿಂದ ಬತ್ತದ ಗದ್ದೆಯಲ್ಲಿ ಬಗ್ಗಿದವಳು, ಬೆರಳಲ್ಲಿ ಮುಟ್ಟಿದ ಅನ್ನವನ್ನು ಗುರುತಿಸಲಿಲ್ಲ. ನಮ್ಮ ಕಾಂಪೌಂಡಿನ ಶಂಖಪುಷ್ಪವನ್ನು ದಿನಾ ದೇವರಿಗೆ ಇಡುತ್ತೇನೆ, ಅದು ಅನ್ನಕ್ಕೆ ಹೋಗಬಹುದು ಎಂದು ದೇವರೂ ಹೇಳಿರಲಿಲ್ಲ. ಭಾಗ್ಯಮ್ಮ ತಡೆಯಲಾರದೆ, "ಅವ್ವಾರು ಅನ್ನ ಉಂಡ್ರು!" ಎಂದೇಬಿಟ್ಟಳು.

"ಗೊತ್ತಿಲ್ದೆ ತಿಂದದ್ದು ಲೆಕ್ಕಕ್ಕಿಲ್ಲ," ಎಂದು ಬುಟ್ಟಿಯ ಮುಚ್ಚಳ ಹಾಕಿದೆ.

ಸುಧಾಳ ಮುಖ ನೋಡಿದೆ. ಸೂಜಿ ಚುಚ್ಚುವಾಗ ರೋಗಿಗಳು ಅವಳನ್ನು ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡುತ್ತಿದ್ದಳು. ಅವಳನ್ನು ಹಾಗೆ ನಾನು ಕಂಡಿರಲಿಲ್ಲ. ನೋಡಿ ಕರಗುವವಳು ನಾನಲ್ಲ. ಕೇಳಬೇಕಾದದ್ದನ್ನು ಕೇಳುವುದೇ ಸರಿ ಎಂದು ಹುಡುಗನನ್ನು ಎದುರಿಗೆ ಕೂರಿಸಿದೆ.

"ಕೆಲಸ್ದೋರು ಬರ್ದಿದ್ ದಿನ ಪಾತ್ರೆ ಯಾರು ತೊಳೀತಾರೆ?"

"ನಾನೇ ಅಜ್ಜಿ. ಇವ್ಳು ಲ್ಯಾಬ್ ಬುಟ್ಟು ಇಲ್ಲಿ ಕುಂತ್ರೆ ನಂಗೇ ಬಯ್ಯಿ."

"ಇವ್ಳು ಕುಂತ್ಕಳೋ ಎಣ್ಣಲ್ಲ ಬುಡು. ಅಬ್ಬದ್ ದಿನ?"

"ಬೆಳಗ್ಗೆ ಬಾಗ್ಲು ಹಾಕ್ತೀನಿ. ಸಂಜೆ ಮಾತ್ರ ತೆಗೀತೀನಿ."

"ಪೂರ್ತಿ ಹಾಕಲ್ವಾ?"

"ಪೂರ್ತಿ ಹಾಕುದ್ರೆ ನಡೆಯಲ್ಲ ಅಜ್ಜಿ. ಹಾಕ್ತೀನಿ ಅಂತ ಸುಳ್ಳು ಹೇಳಲ್ಲ."

"ಈ ನೀಲಿ ಅನ್ನ ಊರೋರ್ಗೆ. ನೀನೇನು ಉಣ್ತೀಯ?"

"ಮುದ್ದೆ. ಅವ್ವ ರಾಗಿ ಇಟ್ಟು ಕಳಿಸ್ತದೆ, ನಾನೇ ತೊಳಸ್ಕತೀನಿ."

"ಗಂಟು ಬತ್ತದಾ?"

ಭಾಗ್ಯಮ್ಮ ಮುಂದೆ ಬಿದ್ದು, "ಒಂದ್ ಗಂಟೂ ಬರಲ್ಲ ಅವ್ವಾರೆ, ಬೆಣ್ಣೆ ಬೆಣ್ಣೆ ಇದ್ದಂಗೆ..." ಎಂದು ಶುರುಮಾಡಿದಳು.

"ಒಂದೊಂದ್ಸಲ ಬತ್ತದೆ ಅಜ್ಜಿ," ಎಂದ ಮಗ. "ಆಗ ಗಂಟನ್ನ ತಟ್ಟೆ ಅಂಚ್ಗೆ ತೆಗೆದಿಟ್ಟು ಉಣ್ತೀನಿ."

ಮುದ್ದೆ ತೊಳಸುವ ಯಾರನ್ನೇ ಕೇಳಿ, ನನ್ನ ಮುದ್ದೆಯಲ್ಲಿ ಗಂಟಿಲ್ಲ ಎನ್ನುತ್ತಾರೆ. ನಾನೂ ಎನ್ನುತ್ತೇನೆ. ಅದು ಸುಳ್ಳು. ಒಂದೊಂದು ಸಲ ಎಲ್ಲರ ಮುದ್ದೆಯಲ್ಲೂ ಗಂಟು ಬರುತ್ತದೆ, ಉಣ್ಣುವವರು ಹೇಳದೆ ನುಂಗುತ್ತಾರೆ. ಮದುವೆಯ ಮಾತಿನ ಮಧ್ಯೆ, ಹೆಣ್ಣಿನ ಅಜ್ಜಿಯ ಎದುರು, ತಾಯಿ ಮುಚ್ಚುತ್ತಿದ್ದ ಗಂಟನ್ನು ತಾನೇ ತೆಗೆದು ತೋರಿಸಿದ ಹುಡುಗನನ್ನು ನಾನು ನೋಡಿದ್ದು ಅದೇ ಮೊದಲು.

ಉಳಿದದ್ದು ಸುಧಾ. ಬೆರಣಿ ತಟ್ಟುತ್ತಿದ್ದ ಹುಡುಗಿಯನ್ನು ಅವತ್ತು ಯಾರೂ ಒಂದು ಮಾತು ಕೇಳಿರಲಿಲ್ಲ. ಅದಕ್ಕೆ ಕೇಳಿದೆ: "ನೀನು ಯೋಳಮ್ಮಿ. ಇವ್ನು ಬೇಕು ಅಂತೀಯಲ್ಲ, ಹಸ್ಕಂಡು ಹೇಳ್ತಾ ಇದೀಯಾ, ಹೊಟ್ಟೆ ತುಂಬಿ ಹೇಳ್ತಾ ಇದೀಯಾ?"

"ಇಲ್ಲಿ ದಿನಾ ಮಧ್ಯಾಹ್ನ ಉಣ್ತಾ ಇದೀನಿ ಕಣಜ್ಜಿ," ಎಂದಳು. "ಬಾಗಿಲು ತೆಗೆದಾಗಿನಿಂದ."

ಶಿವಣ್ಣ ಫ್ಯಾನು ನೋಡುವುದನ್ನು ಬಿಟ್ಟು ಮಗಳನ್ನು ನೋಡಿದ. ಅವಳು ಬೆಳಿಗ್ಗೆ ಒಯ್ಯುತ್ತಿದ್ದ ಟಿಫಿನ್ ಡಬ್ಬಿ ತೊಳೆದಷ್ಟು ಚೊಕ್ಕಟವಾಗಿ ಹೇಗೆ ವಾಪಸ್ಸು ಬರುತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ನಮ್ಮ ಮನೆಯ ಉಪ್ಪುಸಾರನ್ನು ತಿನ್ನುತ್ತಿದ್ದವನು ಇವನು. ರೂಢಿಯ ಪ್ರಕಾರ ನೋಡಿದರೆ ಎರಡೂ ಕಡೆ ಊಟವಾಗಿ ಎಷ್ಟೋ ಕಾಲವಾಗಿದೆ. ನಾನು ಕೂತು ತಿಂಡಿಯೋ ಊಟವೋ ಎಂದು ತೂಗುತ್ತಿದ್ದೆ.

ಬುಟ್ಟಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ತಟ್ಟೆ ಮುಂದಕ್ಕೆ ತಳ್ಳಿದೆ.

"ಈಗ ಗೊತ್ತಾಯ್ತು, ಇದು ಅನ್ನ ಅಂತ," ಎಂದೆ. "ಬಡಿಸು."

ಹುಡುಗ ಬುಟ್ಟಿ ಎತ್ತಿಕೊಂಡು ಚಮಚ ಹುಡುಕಿದ. ಸುಧಾ ಅವನ ಕೈಯಿಂದ ಬುಟ್ಟಿ ತೆಗೆದುಕೊಂಡು ತಾನೇ ಬಡಿಸಿದಳು. ನಾನು ತಟ್ಟೆಯಲ್ಲಿ ಒಂದಗುಳು ಬಿಡದಂತೆ ಉಂಡೆ. ಮುದ್ದೆ ತುಂಬಿದ್ದ ಹೊಟ್ಟೆ, ಬಹಳ ಕಷ್ಟವಾಯಿತು. ಹಸಿವಿನಿಂದ ಉಂಡಳು ಎಂದು ಯಾರೂ ಅನ್ನಬಾರದು, ಅದಕ್ಕೆ.

ಅವತ್ತೇ ಒಪ್ಪಿಗೆಯಾಗುತ್ತದೆ ಎಂದು ಎಣಿಸದಿದ್ದ ಭಾಗ್ಯಮ್ಮ ತಾಂಬೂಲಕ್ಕೆ ಏನೂ ತಂದಿರಲಿಲ್ಲ. ಅಡುಗೆಗೆ ತಂದಿದ್ದ ವೀಳ್ಯದೆಲೆ ಇತ್ತು, ತೆಂಗಿನಕಾಯಿ ಇತ್ತು. ತಟ್ಟೆ ಹುಡುಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಕಾಯಿಯನ್ನು ನನ್ನ ಮಡಿಲಿಗೆ ಹಾಕಿ, ಎಲೆಯನ್ನು ಈ ಬುಟ್ಟಿಯಲ್ಲಿ ತುಂಬಿ ಕೈಗೆ ಕೊಟ್ಟಳು. ತಾಂಬೂಲದ ಬುಟ್ಟಿಯನ್ನು ವಾಪಸ್ಸು ಕೊಡುವ ಪದ್ಧತಿಯಿಲ್ಲ. ಹೀಗೆ ಬಂದದ್ದು ಇದು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೆ.ಆರ್. ಪೇಟೆಯಿಂದ ಸೊಸೆಯ ಫೋನು. ಹಿಂದೆ ಕೂಸು ಅಳುತ್ತಿತ್ತು.

"ಅತ್ತೆ, ಏನಾಯ್ತು? ಏನೂ ತಿನ್ನಲಿಲ್ಲ ತಾನೆ?"

ಅಪ್ಪ ಇದೇ ಮಾತನ್ನು ನೆಲ ನೋಡಿಕೊಂಡು ಹೇಳಿದ್ದ. ನಾನು ಬೀದಿಗೆಲ್ಲ ಕೇಳುವಂತೆ ಹೇಳಿದೆ.

"ಅನ್ನ ಉಂಡ್ಬುಟ್ಟೆ ಕಣವ್ವ."